ಗ್ರಿಡ್ ಮಳೆ ಡೇಟಾದಿಂದ ಜಿಲ್ಲೆಯ ಸರಾಸರಿ: ಆರ್‌ನಲ್ಲಿ ಲೆಕ್ಕ ಎಲ್ಲಿ ತಪ್ಪುತ್ತದೆ?

ಪ್ರಶ್ನೆ: ನಾನು ಕೃಷಿ ಹವಾಮಾನದ ಬಗ್ಗೆ ಸಂಶೋಧನೆ ಮಾಡುತ್ತಿದ್ದೇನೆ. ಹವಾಮಾನ ಇಲಾಖೆಯ 0.25 ಡಿಗ್ರಿ ದಿನವಹಿ ಮಳೆ ಗ್ರಿಡ್ ಡೇಟಾ, 1991ರಿಂದ 2020ರವರೆಗಿನದು, ನನ್ನ ಹತ್ತಿರ ಇದೆ. ಕೆಲವು ವರ್ಷದ್ದು ನೆಟ್‌ಸಿಡಿಎಫ್ (ಸ್ಥಳ, ದಿನಾಂಕದ ವಿವರವೂ ಒಳಗೇ ಇರುವ ಫೈಲ್), ಕೆಲವು ವರ್ಷದ್ದು ಬೈನರಿ ಫೈಲ್. ಕರ್ನಾಟಕದ ಪ್ರತಿ ಜಿಲ್ಲೆಗೂ ಮುಂಗಾರು ಮಳೆಯ ಸರಾಸರಿ ಮತ್ತು ಮಳೆ ದಿನಗಳ ಸಂಖ್ಯೆ ಬೇಕು. ಸಾಧ್ಯವಾದರೆ ತಾಲ್ಲೂಕಿಗೂ ಬೇಕು. ಸೀನಿಯರ್ ಒಬ್ಬರು ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದು ಕೊಟ್ಟ ಹಳೆಯ ಸ್ಕ್ರಿಪ್ಟ್ ಓಡುತ್ತಿಲ್ಲ. ಬೈನರಿ ಫೈಲ್ ಓದಿದರೆ ಭಾರತ ತಲೆಕೆಳಗಾಗಿ ಬರುತ್ತದೆ. ಕರಾವಳಿ ಜಿಲ್ಲೆಗಳ ಸರಾಸರಿ ಮೈನಸ್ ಬರುತ್ತದೆ. ಮೂವತ್ತೂ ವರ್ಷ ಒಟ್ಟಿಗೆ ತೆರೆದರೆ ಲ್ಯಾಪ್‌ಟಾಪ್ ನಿಂತೇ ಹೋಗುತ್ತದೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ನಿಮ್ಮ ತೊಂದರೆಗಳಲ್ಲಿ ಮೂರು ಕಣ್ಣಿಗೆ ಕಾಣುವಂಥವು. ತಲೆಕೆಳಗಾದ ನಕ್ಷೆ, ಮೈನಸ್ ಮಳೆ, ನಿಂತ ಲ್ಯಾಪ್‌ಟಾಪ್. ಇವನ್ನು ಬೇಗ ಸರಿಮಾಡಬಹುದು. ನನಗೆ ಹೆಚ್ಚು ಚಿಂತೆ ಆಗುವುದು ಕಣ್ಣಿಗೆ ಕಾಣದ ತಪ್ಪುಗಳ ಬಗ್ಗೆ. ಸ್ಕ್ರಿಪ್ಟ್ ಸಲೀಸಾಗಿ ಓಡುತ್ತದೆ, ನಕ್ಷೆ ಚೆನ್ನಾಗಿ ಬರುತ್ತದೆ, ಕೋಷ್ಟಕದಲ್ಲಿ ನಂಬುವಂಥ ಅಂಕಿಗಳೇ ಇರುತ್ತವೆ, ಆದರೂ ಲೆಕ್ಕ ತಪ್ಪಿರುತ್ತದೆ. ಅದಕ್ಕೇ ಯಾವ ಫಂಕ್ಷನ್ ಬಳಸಬೇಕು ಅನ್ನುವುದಕ್ಕಿಂತ ಮೊದಲು ಎರಡು ವಿಷಯ ಖಚಿತ ಮಾಡಿಕೊಳ್ಳಿ. ಒಂದು, ಗ್ರಿಡ್‌ನ ಪ್ರತಿ ಚೌಕ ಭೂಮಿಯ ಮೇಲೆ ಸರಿಯಾಗಿ ಎಲ್ಲಿ ಕೂರುತ್ತದೆ. ಇನ್ನೊಂದು, ಅದರೊಳಗಿನ ಸಂಖ್ಯೆ ಯಾವುದರ ಅಳತೆ. ಮುಂದೆ ನಾನು ಹೇಳುವುದೆಲ್ಲ ಈ ಎರಡರ ಸುತ್ತಲೇ ಇದೆ.

ಮೊದಲು ಹಳೆಯ ಸ್ಕ್ರಿಪ್ಟ್ ವಿಷಯ ಮುಗಿಸಿಬಿಡೋಣ. ಅದರಲ್ಲಿ ಆರ್‌ಜಿಡಾಲ್, ಆರ್‌ಜಿಯಾಸ್, ಮ್ಯಾಪ್‌ಟೂಲ್ಸ್ ಎಂಬ ಪ್ಯಾಕೇಜ್‌ಗಳ (ಆರ್‌ಗೆ ಸೇರಿಸಿಕೊಳ್ಳುವ ಸಿದ್ಧ ಫಂಕ್ಷನ್‌ಗಳ ಕಟ್ಟು) ಹೆಸರು ಇದ್ದೇ ಇರುತ್ತದೆ. ಈ ಮೂರನ್ನೂ 2023ರ ಅಕ್ಟೋಬರ್‌ನಲ್ಲಿ ನಿವೃತ್ತಿ ಮಾಡಲಾಯಿತು. ಈಗ ಅವು ಸಾಮಾನ್ಯ ರೀತಿಯಲ್ಲಿ ಇನ್‌ಸ್ಟಾಲ್ ಆಗುವುದಿಲ್ಲ. ಹೇಗೋ ಎಳೆದು ತಂದು ಹಾಕಿಕೊಳ್ಳುವ ಪ್ರಯತ್ನ ಬೇಡ. ರಾಸ್ಟರ್ ಪ್ಯಾಕೇಜ್ ಬರೆದ ರಾಬರ್ಟ್ ಹೈಮಾನ್ಸ್ ಅವರೇ ಅದರ ಜಾಗಕ್ಕೆ ಟೆರ್ರಾ ಎಂಬ ಪ್ಯಾಕೇಜ್ ತಂದಿದ್ದಾರೆ. ಗ್ರಿಡ್ ಡೇಟಾಕ್ಕೆ ಅದನ್ನು ಬಳಸಿ. ಜಿಲ್ಲೆಯ ಗಡಿಗಳಿಗೆ ಎಸ್ಎಫ್ ಪ್ಯಾಕೇಜ್ ಸಾಕು. ಎಡ್ಜರ್ ಪೆಬೆಸ್ಮಾ ಅವರ ಸ್ಟಾರ್ಸ್ ಪ್ಯಾಕೇಜ್ ಕೂಡ ಒಳ್ಳೆಯದೇ. ಸಮಯ, ಎತ್ತರ ಹೀಗೆ ಹಲವು ಆಯಾಮಗಳಿರುವ ಡೇಟಾಕ್ಕೆ ಅದು ಚೆನ್ನಾಗಿ ಒಗ್ಗುತ್ತದೆ. ನಿಮ್ಮ ಕೆಲಸಕ್ಕೆ ಟೆರ್ರಾ ಸಾಕು, ವೇಗವೂ ಜಾಸ್ತಿ.

ಈಗ ಡೇಟಾ ನೋಡೋಣ. ಈ ಮಳೆ ಗ್ರಿಡ್‌ನಲ್ಲಿ ಪೂರ್ವ-ಪಶ್ಚಿಮವಾಗಿ 135 ಬಿಂದುಗಳು, ದಕ್ಷಿಣೋತ್ತರವಾಗಿ 129 ಬಿಂದುಗಳು ಇವೆ. ರೇಖಾಂಶ 66.5ರಿಂದ 100, ಅಕ್ಷಾಂಶ 6.5ರಿಂದ 38.5. ಒಂದು ದಿನಕ್ಕೆ 17,415 ಸಂಖ್ಯೆಗಳು. ಬೈನರಿ ಫೈಲಿನಲ್ಲಿ ಒಂದೊಂದು ಸಂಖ್ಯೆಗೆ 4 ಬೈಟ್. ಅಂದರೆ ಸಾದಾ ವರ್ಷದ ಫೈಲ್ ಸರಿಯಾಗಿ 2,54,25,900 ಬೈಟ್ ಇರಬೇಕು, ಅಧಿಕ ವರ್ಷದ್ದು 2,54,95,560 ಬೈಟ್. ಫೈಲ್ ತೆರೆಯುವ ಮೊದಲೇ ಅದರ ಗಾತ್ರ ನೋಡಿಬಿಡಿ. ಕಡಿಮೆ ಇದ್ದರೆ ಡೌನ್‌ಲೋಡ್ ಅರ್ಧಕ್ಕೆ ನಿಂತಿದೆ ಎಂದೇ ಅರ್ಥ. ಅರ್ಧಂಬರ್ಧ ಫೈಲನ್ನೂ ಆರ್ ಏನೂ ದೂರು ಹೇಳದೆ ಓದಿಬಿಡುತ್ತದೆ, ಹಾಗಾಗಿ ಈ ತಪಾಸಣೆ ಬಿಡಬೇಡಿ.

ಇಲ್ಲಿ ಹೆಸರಿನ ಗೊಂದಲವೂ ಒಂದಿದೆ. ಈ ಬೈನರಿ ಫೈಲುಗಳ ಕೊನೆಗೆ ಜಿಆರ್‌ಡಿ ಎಂದಿರುತ್ತದೆ. ರಾಸ್ಟರ್ ಪ್ಯಾಕೇಜಿನ ಸ್ವಂತ ಫೈಲುಗಳ ಕೊನೆಗೂ ಅದೇ ಜಿಆರ್‌ಡಿ. ಎರಡಕ್ಕೂ ಏನೇನೂ ಸಂಬಂಧ ಇಲ್ಲ. ಇಲಾಖೆಯದು ತಲೆಬರಹ, ವಿವರ ಏನೂ ಇಲ್ಲದ ಬರೀ ಸಂಖ್ಯೆಗಳ ಸಾಲು. ಅದನ್ನು ರೀಡ್‌ಬಿನ್ ಫಂಕ್ಷನ್‌ನಿಂದ, ಸೈಜ್ 4, ಲಿಟಲ್ ಎಂಡಿಯನ್ (ಬೈಟ್‌ಗಳನ್ನು ಜೋಡಿಸುವ ಒಂದು ಕ್ರಮ) ಎಂದು ಹೇಳಿ ಓದಬೇಕು.

ಭಾರತ ತಲೆಕೆಳಗಾಗುವುದಕ್ಕೆ ಕಾರಣವೂ ಇಲ್ಲೇ ಇದೆ. ಫೈಲಿನಲ್ಲಿ ಸಂಖ್ಯೆಗಳು ದಕ್ಷಿಣದ ಸಾಲಿನಿಂದ ಶುರುವಾಗಿ ಉತ್ತರಕ್ಕೆ ಹೋಗುತ್ತವೆ. ಟೆರ್ರಾ ಮೊದಲ ಸಾಲನ್ನು ಉತ್ತರದ್ದು ಎಂದುಕೊಳ್ಳುತ್ತದೆ. ಅದರ ಜೊತೆಗೆ ಆರ್‌ನ ಮ್ಯಾಟ್ರಿಕ್ಸ್ ಕಂಬದ ಪ್ರಕಾರ ಮೇಲಿನಿಂದ ಕೆಳಗೆ ತುಂಬುತ್ತದೆ, ಟೆರ್ರಾ ಸಾಲಿನ ಪ್ರಕಾರ ಎಡದಿಂದ ಬಲಕ್ಕೆ ತುಂಬುತ್ತದೆ. ಮಧ್ಯದಲ್ಲಿ ಮ್ಯಾಟ್ರಿಕ್ಸ್ ಮಾಡಿಕೊಂಡರೆ ನಕ್ಷೆ ಒಮ್ಮೊಮ್ಮೆ ಪಕ್ಕಕ್ಕೂ ಮಲಗುತ್ತದೆ. ಮ್ಯಾಟ್ರಿಕ್ಸ್ ಗೊಡವೆಗೇ ಹೋಗಬೇಡಿ. 129 ಸಾಲು, 135 ಕಂಬ ಇರುವ ಖಾಲಿ ರಾಸ್ಟರ್ (ಚೌಕಗಳ ಗ್ರಿಡ್) ಮಾಡಿ, ಒಂದು ದಿನದ 17,415 ಸಂಖ್ಯೆಗಳನ್ನು ಇದ್ದ ಹಾಗೇ ಅದಕ್ಕೆ ತುಂಬಿ, ಆಮೇಲೆ ಫ್ಲಿಪ್ ಫಂಕ್ಷನ್‌ನಿಂದ ಲಂಬವಾಗಿ ಮಗುಚಿ. ಆಯಿತು. ನೆಟ್‌ಸಿಡಿಎಫ್ ಫೈಲುಗಳಲ್ಲಿ ಈ ಮಾಹಿತಿ ಒಳಗೇ ಇರುವುದರಿಂದ ಟೆರ್ರಾ ಸಾಮಾನ್ಯವಾಗಿ ತಾನೇ ಸರಿಮಾಡಿಕೊಳ್ಳುತ್ತದೆ. ಮೂವತ್ತೂ ವರ್ಷಕ್ಕೆ ನೆಟ್‌ಸಿಡಿಎಫ್ ಸಿಗುವುದಾದರೆ ಅದನ್ನೇ ಇಳಿಸಿಕೊಳ್ಳಿ, ಎರಡು ಬಗೆಯ ಫೈಲ್ ಬೆರೆಸುವುದು ಬೇಡ.

ಖಾಲಿ ರಾಸ್ಟರ್ ಮಾಡುವಾಗ ಇನ್ನೊಂದು ತಪ್ಪು ನುಸುಳುತ್ತದೆ. ಅದು ತಲೆಕೆಳಗಾದ ಭಾರತಕ್ಕಿಂತ ಕೆಟ್ಟದ್ದು, ಯಾಕೆಂದರೆ ನೋಡಿದರೆ ಗೊತ್ತಾಗುವುದಿಲ್ಲ. ಮೇಲೆ ಹೇಳಿದ 66.5, 100, 6.5, 38.5 ಇವೆಲ್ಲ ಚೌಕಗಳ ನಡುಬಿಂದುಗಳು. ಅಂಚುಗಳಲ್ಲ. ರಾಸ್ಟರ್‌ಗೆ ವ್ಯಾಪ್ತಿ ಹೇಳುವಾಗ ಕೊಡಬೇಕಾದ್ದು ಹೊರ ಅಂಚು. ಅಂದರೆ ನಾಲ್ಕೂ ಕಡೆ ಅರ್ಧ ಚೌಕ, 0.125 ಡಿಗ್ರಿ, ಹೊರಗೆ ಹೋಗಬೇಕು. ರೇಖಾಂಶ 66.375ರಿಂದ 100.125, ಅಕ್ಷಾಂಶ 6.375ರಿಂದ 38.625. ತುಂಬ ಸ್ಕ್ರಿಪ್ಟ್‌ಗಳಲ್ಲಿ 66.5, 100 ಎಂದೇ ಕೊಟ್ಟಿರುತ್ತಾರೆ. ಆಗ ಏನಾಗುತ್ತದೆ ನೋಡಿ. 33.5 ಡಿಗ್ರಿ ಜಾಗದಲ್ಲಿ 135 ಚೌಕ ಹಿಡಿಸಬೇಕು, ಹಾಗಾಗಿ ಚೌಕದ ಅಗಲ 0.25 ಹೋಗಿ 0.248 ಆಗುತ್ತದೆ. ಇಡೀ ಗ್ರಿಡ್ ಸ್ವಲ್ಪ ಕುಗ್ಗುತ್ತದೆ. 75.5 ಡಿಗ್ರಿ ರೇಖಾಂಶದಲ್ಲಿ ಇರಬೇಕಾದ ಮಳೆ 75.56ಕ್ಕೆ ಹೋಗುತ್ತದೆ, 14.5 ಡಿಗ್ರಿ ಅಕ್ಷಾಂಶದ್ದು 14.56ಕ್ಕೆ. ಕರ್ನಾಟಕದ ಮಟ್ಟಿಗೆ ಹೇಳುವುದಾದರೆ ಮಳೆ ಆರೇಳು ಕಿಲೋಮೀಟರ್ ಪೂರ್ವಕ್ಕೆ, ಹೆಚ್ಚುಕಡಿಮೆ ಅಷ್ಟೇ ಉತ್ತರಕ್ಕೆ ಸರಿಯಿತು. ಬಯಲುಸೀಮೆಯಲ್ಲಿ ಇದು ಅಷ್ಟು ಕಾಡದಿರಬಹುದು. ಆದರೆ ಪಶ್ಚಿಮ ಘಟ್ಟದಲ್ಲಿ ಆರೇಳು ಕಿಲೋಮೀಟರ್ ಅಂದರೆ ಘಟ್ಟದ ಕೆಳಗಿನ ಮಳೆ ಘಟ್ಟದ ಮೇಲಕ್ಕೆ ಹೋದ ಹಾಗೆ. ರಾಸ್ಟರ್ ವಿವರವನ್ನು ಸುಮ್ನೆ ಪ್ರಿಂಟ್ ಮಾಡಿ, ರೆಸಲ್ಯೂಶನ್ ಸಾಲಿನಲ್ಲಿ ಸರಿಯಾಗಿ 0.25, 0.25 ಎಂದಿದೆಯೇ ನೋಡಿ. ಇಲ್ಲದಿದ್ದರೆ ಅಲ್ಲೇ ನಿಲ್ಲಿಸಿ, ಮುಂದೆ ಹೋಗಬೇಡಿ.

ಇನ್ನು ಮೈನಸ್ ಮಳೆ. ಡೇಟಾ ಇಲ್ಲದ ಕಡೆ, ಅಂದರೆ ಸಮುದ್ರದ ಮೇಲೆ ಮತ್ತು ದೇಶದ ಗಡಿಯಾಚೆ, ಇಲಾಖೆಯವರು -999 ಎಂದು ತುಂಬಿರುತ್ತಾರೆ. ಅದು ಮಳೆ ಅಲ್ಲ ಎಂದು ನೀವು ಹೇಳದಿದ್ದರೆ ಆರ್‌ಗೆ ತಿಳಿಯುವುದಿಲ್ಲ. ಒಂದು ಕರಾವಳಿ ಜಿಲ್ಲೆಯಲ್ಲಿ ಐದು ಚೌಕ ಎಂದುಕೊಳ್ಳಿ. ನಾಲ್ಕರಲ್ಲಿ 40 ಮಿ.ಮೀ. ಮಳೆ, ಐದನೆಯದು ಕಡಲಿನದು. 160ರಲ್ಲಿ 999 ಕಳೆದು ಐದರಿಂದ ಭಾಗಿಸಿದರೆ -167.8. ನಿಮ್ಮ ಮೈನಸ್ ಬಂದದ್ದು ಹೀಗೆ. ಟೆರ್ರಾದ ಎನ್ಎಫ್ಲ್ಯಾಗ್ ಬಳಸಿ -999 ಅನ್ನು ಎನ್ಎ, ಅಂದರೆ ಡೇಟಾ ಇಲ್ಲ, ಎಂದು ಘೋಷಿಸಿ. ಬೈನರಿಯಿಂದ ನೇರ ಓದಿದ್ದಾದರೆ ರಾಸ್ಟರ್‌ಗೆ ತುಂಬುವ ಮೊದಲೇ ಸೊನ್ನೆಗಿಂತ ಕಡಿಮೆ ಇರುವುದನ್ನೆಲ್ಲ ಎನ್ಎ ಮಾಡಿಬಿಡಿ. ಮಳೆ ಸೊನ್ನೆಗಿಂತ ಕೆಳಗೆ ಹೋಗುವುದಿಲ್ಲ, ಅಲ್ವಾ?

ಮುಂದೆ ಉಷ್ಣಾಂಶದ ಗ್ರಿಡ್ ಕೂಡ ಬಳಸುವುದಾದರೆ ಒಂದು ಎಚ್ಚರ. ಅದು 1 ಡಿಗ್ರಿಯದು, 31ಕ್ಕೆ 31 ಬಿಂದುಗಳು. ಅಲ್ಲಿ ಡೇಟಾ ಇಲ್ಲದ ಜಾಗಕ್ಕೆ 99.9 ಎಂದಿರುತ್ತದೆ. ಬೈನರಿಯಿಂದ ಓದಿದಾಗ 99.9ಕ್ಕೆ ಸಮ ಇರುವುದನ್ನೆಲ್ಲ ಎನ್ಎ ಮಾಡು ಎಂದರೆ ಒಂದು ಚೌಕವೂ ಎನ್ಎ ಆಗುವುದಿಲ್ಲ. ನಾಲ್ಕು ಬೈಟ್‌ನಲ್ಲಿ ಉಳಿಸಿದ 99.9 ಅನ್ನು ಆರ್ ಎಂಟು ಬೈಟ್‌ಗೆ ಹಿಗ್ಗಿಸಿದಾಗ 99.9000015 ಆಗಿರುತ್ತದೆ. ಪರದೆಯ ಮೇಲೆ ಎರಡೂ 99.9 ಎಂದೇ ಕಾಣುತ್ತವೆ. ಆದ್ದರಿಂದ ಸಮ ಎಂದು ಕೇಳಬೇಡಿ, 99ಕ್ಕಿಂತ ಜಾಸ್ತಿ ಎಂದು ಕೇಳಿ.

ಎನ್ಎ ಮಾಡಿದ ಮೇಲೂ ಒಂದು ಕಡೆ ಜಾರುವ ಸಾಧ್ಯತೆ ಇದೆ. ಮಳೆ ಕೂಡಿಸುವಾಗ ಎನ್ಎ ಬಿಟ್ಟು ಕೂಡಿಸು ಎಂದು ಹೇಳುತ್ತೇವೆ. ಎಲ್ಲವೂ ಎನ್ಎ ಆಗಿದ್ದರೆ ಆರ್‌ನ ಸಾದಾ ಸಮ್ ಫಂಕ್ಷನ್ 0 ಎಂದು ಕೊಡುತ್ತದೆ. ಅದನ್ನು ನಿಮ್ಮ ಸ್ವಂತ ಫಂಕ್ಷನ್ ಒಳಗೆ ಬಳಸಿದರೆ ಅರಬ್ಬೀ ಸಮುದ್ರದ ಮೇಲೆ ಇಡೀ ಮುಂಗಾರಿನಲ್ಲಿ ಸೊನ್ನೆ ಮಳೆ ಎಂದು ಬರುತ್ತದೆ. ಆ ಸೊನ್ನೆಗಳು ಉಡುಪಿ, ದಕ್ಷಿಣ ಕನ್ನಡ, ಉತ್ತರ ಕನ್ನಡದ ಸರಾಸರಿಯನ್ನು ಸದ್ದಿಲ್ಲದೆ ಕೆಳಗೆಳೆಯುತ್ತವೆ. ಮೈನಸ್ ಬಂದಿದ್ದರೆ ನೀವು ಹುಡುಕುತ್ತಿದ್ದಿರಿ. ಸ್ವಲ್ಪ ಕಡಿಮೆ ಬಂದರೆ ಆ ವರ್ಷ ಮಳೆಯೇ ಕಡಿಮೆ ಇತ್ತೇನೋ ಎಂದುಕೊಂಡು ಮುಂದೆ ಹೋಗುತ್ತೀರಿ. ಒಟ್ಟು ಮಳೆಯ ನಕ್ಷೆ ಬಂದ ಕೂಡಲೇ ಸಮುದ್ರದ ಕಡೆ ನೋಡಿ. ಅಲ್ಲಿ ಬಣ್ಣ ಇರಬಾರದು.

ಲ್ಯಾಪ್‌ಟಾಪ್ ನಿಲ್ಲುವುದಕ್ಕೆ ಕಾರಣ ಸರಳ. 1991ರಿಂದ 2020ರಲ್ಲಿ ಎಂಟು ಅಧಿಕ ವರ್ಷಗಳಿವೆ, ಒಟ್ಟು 10,958 ದಿನ. ಅದನ್ನು 17,415ರಿಂದ ಗುಣಿಸಿದರೆ 19 ಕೋಟಿ ಸಂಖ್ಯೆಗಳು. ಆರ್ ಒಂದೊಂದಕ್ಕೂ 8 ಬೈಟ್ ಕೊಡುತ್ತದೆ. ಒಂದೂವರೆ ಜಿಬಿ ಆಯಿತು. ಲೆಕ್ಕದ ನಡುವೆ ಎರಡು ಮೂರು ನಕಲು ಆದರೆ ಸಾಮಾನ್ಯ ಲ್ಯಾಪ್‌ಟಾಪ್ ಏದುಸಿರು ಬಿಡುತ್ತದೆ. ನಿಮಗೆ ಬೇಕಾಗಿರುವುದು ಕರ್ನಾಟಕ ಮಾತ್ರ. ರೇಖಾಂಶ 74ರಿಂದ 78.75, ಅಕ್ಷಾಂಶ 11.5ರಿಂದ 18.5, ಸುಮಾರು ಐನೂರು ಚೌಕ. ಮೂವತ್ತು ವರ್ಷದ್ದೂ ಸೇರಿ 50 ಎಂಬಿ ಒಳಗೆ ಮುಗಿಯುತ್ತದೆ. ಹಾಗಾಗಿ ಮೊದಲ ಕೆಲಸವೇ ಕ್ರಾಪ್. ಟೆರ್ರಾ ಫೈಲ್ ತೆರೆದ ಕೂಡಲೇ ಎಲ್ಲವನ್ನೂ ಮೆಮೊರಿಗೆ ಎಳೆದುಕೊಳ್ಳುವುದಿಲ್ಲ. ಬೇಕಾದಾಗ ಬೇಕಾದಷ್ಟೇ ಡಿಸ್ಕ್‌ನಿಂದ ಓದುತ್ತದೆ. ಮೂವತ್ತು ಫೈಲಿನ ಹೆಸರುಗಳನ್ನು ಒಟ್ಟಿಗೆ ರಾಸ್ಟ್ ಫಂಕ್ಷನ್‌ಗೆ ಕೊಡಿ, ದಿನಕ್ಕೊಂದರಂತೆ ಪದರಗಳ ಸಂಖ್ಯೆ 10,958 ಬಂತೇ ನೋಡಿ, ಕ್ರಾಪ್ ಮಾಡಿ, ಫಲಿತಾಂಶವನ್ನು ಹೊಸ ಫೈಲಾಗಿ ಉಳಿಸಿ. ಮುಂದಿನ ಕೆಲಸವೆಲ್ಲ ಈ ಚಿಕ್ಕ ಫೈಲಿನ ಮೇಲೆ. ಆರ್ ಮುಚ್ಚುವಾಗ ಇಡೀ ವರ್ಕ್‌ಸ್ಪೇಸ್ ಉಳಿಸಿ, ನಾಳೆ ತೆರೆದು ಮುಂದುವರಿಸುತ್ತೇನೆ ಎಂದುಕೊಳ್ಳಬೇಡಿ. ಟೆರ್ರಾದ ರಾಸ್ಟರ್‌ಗಳು ಹಾಗೆ ಉಳಿಯುವುದಿಲ್ಲ, ಮರುದಿನ ಪಾಯಿಂಟರ್ ಸರಿಯಿಲ್ಲ ಎಂಬ ಎರರ್ ಬರುತ್ತದೆ. ರಾಸ್ಟರ್ ಅನ್ನು ರಾಸ್ಟರ್ ಫೈಲಾಗಿಯೇ ಬರೆದಿಡಿ.

ಕ್ರಾಪ್ ಮಾಡಿ ಎಂದೆ, ಮಾಸ್ಕ್ ಮಾಡಿ ಎನ್ನಲಿಲ್ಲ. ಕ್ರಾಪ್ ಆಯತಾಕಾರವಾಗಿ ಕತ್ತರಿಸುತ್ತದೆ. ಮಾಸ್ಕ್ ರಾಜ್ಯದ ಗಡಿಯ ಗುಂಟ ಕತ್ತರಿಸುತ್ತದೆ, ಆಗ ಗಡಿ ದಾಟುವ ಚೌಕಗಳಲ್ಲಿ ಹಲವು ಎನ್ಎ ಆಗಿ ಕಳೆದುಹೋಗುತ್ತವೆ. ಬೀದರ್, ಬೆಳಗಾವಿ, ಚಾಮರಾಜನಗರದಂಥ ಅಂಚಿನ ಜಿಲ್ಲೆಗಳಿಗೆ ಆ ಚೌಕಗಳು ಬೇಕು. ಮಾಸ್ಕ್ ಏನಿದ್ದರೂ ಕೊನೆಯಲ್ಲಿ, ಚಂದದ ನಕ್ಷೆ ತೆಗೆಯುವಾಗ. ಕ್ರಾಪ್‌ಗೂ ಸುತ್ತ ಒಂದು ಚೌಕದಷ್ಟು ಅಂಚು ಬಿಡಿ.

ಈಗ ಜಿಲ್ಲೆಯ ಸರಾಸರಿ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ನಮ್ಮ ಅಕ್ಷಾಂಶದಲ್ಲಿ 0.25 ಡಿಗ್ರಿ ಚೌಕ ಒಂದು ಬದಿಗೆ ಸುಮಾರು 27 ಕಿಲೋಮೀಟರ್. ವಿಸ್ತೀರ್ಣ ಹತ್ತಿರ ಹತ್ತಿರ 750 ಚದರ ಕಿಲೋಮೀಟರ್. ಬೆಂಗಳೂರು ನಗರ ಜಿಲ್ಲೆ ಸುಮಾರು 2,200 ಚದರ ಕಿಲೋಮೀಟರ್. ಅಂದರೆ ಮೂರು ಚೌಕದಷ್ಟು. ಟೆರ್ರಾದ ಎಕ್ಸ್‌ಟ್ರಾಕ್ಟ್ ಫಂಕ್ಷನ್‌ಗೆ ನೀವು ಬೇರೇನೂ ಹೇಳದಿದ್ದರೆ, ಯಾವ ಚೌಕದ ನಡುಬಿಂದು ಜಿಲ್ಲೆಯ ಒಳಗೆ ಬೀಳುತ್ತದೋ ಅದನ್ನು ಮಾತ್ರ ಪೂರ್ತಿ ತೆಗೆದುಕೊಳ್ಳುತ್ತದೆ, ಉಳಿದದ್ದನ್ನು ಪೂರ್ತಿ ಬಿಡುತ್ತದೆ. ಕಲಬುರಗಿಯಂಥ ದೊಡ್ಡ ಜಿಲ್ಲೆಗೆ ಇದರಿಂದ ದೊಡ್ಡ ವ್ಯತ್ಯಾಸ ಆಗುವುದಿಲ್ಲ. ಸಣ್ಣ ಜಿಲ್ಲೆಗಳಿಗೆ, ಅದಕ್ಕಿಂತ ಮುಖ್ಯವಾಗಿ ಉದ್ದಕ್ಕೆ ತೆಳ್ಳಗೆ ಇರುವ ಕರಾವಳಿಗೆ, ಒಂದು ಚೌಕ ಒಳಗೋ ಹೊರಗೋ ಎಂಬುದರ ಮೇಲೆ ಸರಾಸರಿಯೇ ಬದಲಾಗುತ್ತದೆ. ಆದ್ದರಿಂದ ಎಕ್ಸಾಕ್ಟ್ ಎಂಬ ಆಯ್ಕೆ ಹಾಕಿ. ಆಗ ಚೌಕದ ಎಷ್ಟು ಭಾಗ ಜಿಲ್ಲೆಯೊಳಗಿದೆಯೋ ಅಷ್ಟೇ ತೂಕ ಅದಕ್ಕೆ ಸಿಗುತ್ತದೆ. ಡೇನಿಯಲ್ ಬಾಸ್ಟನ್ ಅವರ ಎಕ್ಸಾಕ್ಟ್‌ಎಕ್ಸ್‌ಟ್ರಾಕ್ಟರ್ ಪ್ಯಾಕೇಜ್ ಇದೇ ಕೆಲಸವನ್ನು ಇನ್ನೂ ಬೇಗ ಮಾಡುತ್ತದೆ. ನಾನು ಅದನ್ನೇ ಸಲಹೆ ಮಾಡುತ್ತೇನೆ.

ಚೌಕಗಳ ವಿಸ್ತೀರ್ಣವೂ ಎಲ್ಲ ಕಡೆ ಒಂದೇ ಅಲ್ಲ. ಉತ್ತರಕ್ಕೆ ಹೋದಂತೆ ಅಗಲ ಕಡಿಮೆಯಾಗುತ್ತದೆ. ಕರ್ನಾಟಕದ ದಕ್ಷಿಣ ತುದಿಗೂ ಬೀದರ್‌ಗೂ ವ್ಯತ್ಯಾಸ ಶೇ 3ರಷ್ಟು, ಜಿಲ್ಲೆಯೊಳಗಂತೂ ಲೆಕ್ಕಕ್ಕೇ ಇಲ್ಲ. ಇಡೀ ಭಾರತದ ಸರಾಸರಿ ತೆಗೆಯುವಾಗ ಮಾತ್ರ ಬಿಡುವ ಹಾಗಿಲ್ಲ. ಕನ್ಯಾಕುಮಾರಿಯ ಚೌಕಕ್ಕಿಂತ ಲಡಾಖ್‌ನದು ಸುಮಾರು ಶೇ 17ರಷ್ಟು ಚಿಕ್ಕದು. ಆಗ ಸೆಲ್‌ಸೈಜ್ ಫಂಕ್ಷನ್‌ನಿಂದ ಬಂದ ವಿಸ್ತೀರ್ಣವನ್ನು ತೂಕವಾಗಿ ಕೊಡಬೇಕು.

ಗಡಿ ಫೈಲಿನ ಬಗ್ಗೆ ಎರಡು ಮಾತು. ಅದು ಡಿಗ್ರಿಯ ಬದಲು ಮೀಟರ್ ಲೆಕ್ಕದ ಯುಟಿಎಂ ಅಳತೆಯಲ್ಲಿದ್ದರೆ ಗಡಿಯನ್ನು ಗ್ರಿಡ್‌ನ ಅಳತೆಗೆ ತನ್ನಿ, ಗ್ರಿಡ್ ಅನ್ನು ಗಡಿಯ ಅಳತೆಗೆ ತರಬೇಡಿ. ಗೆರೆಗಳನ್ನು ಬೇರೆ ಅಳತೆಗೆ ತಂದರೆ ನಷ್ಟ ಇಲ್ಲ. ಮಳೆ ಗ್ರಿಡ್ ಅನ್ನು ತಂದರೆ ಹೊಸ ಚೌಕಗಳಿಗೆ ಅಕ್ಕಪಕ್ಕದ ಸಂಖ್ಯೆಗಳನ್ನು ಕಲಸಿ ತುಂಬಬೇಕಾಗುತ್ತದೆ, ಮೂಲ ಸಂಖ್ಯೆಗಳು ಹೋಗುತ್ತವೆ. ಮೇಲಾಗಿ ಕರ್ನಾಟಕ ಒಂದೇ ಯುಟಿಎಂ ವಲಯದಲ್ಲೂ ಇಲ್ಲ. ಬಹುಪಾಲು 43ರಲ್ಲಿ, ಕೋಲಾರದ ಕಡೆ 44ರಲ್ಲಿ. ಇನ್ನೊಂದು, ನಿಮ್ಮ ಫೈಲಿನಲ್ಲಿ ಎಷ್ಟು ಜಿಲ್ಲೆ ಇವೆ ಎಂದು ಎಣಿಸಿ. 2021ರಲ್ಲಿ ವಿಜಯನಗರ ಆದ ಮೇಲೆ 31. ಹಳೆಯ ಫೈಲಿನಲ್ಲಿ ಹೊಸಪೇಟೆ, ಹೂವಿನಹಡಗಲಿ ಎಲ್ಲ ಬಳ್ಳಾರಿಯಲ್ಲೇ ಇರುತ್ತವೆ. 2014ರ ನವೆಂಬರ್ 1ಕ್ಕೆ ಮೊದಲಿನ ಹೆಸರುಗಳಿದ್ದರೆ ಬೆಳೆ ಅಂಕಿಅಂಶದ ಕೋಷ್ಟಕದ ಜೊತೆ ಕೂಡಿಸುವಾಗ ಕಲಬುರಗಿ, ವಿಜಯಪುರ, ಬೆಳಗಾವಿ ಯಾವುದೂ ಹೊಂದುವುದಿಲ್ಲ. ಹೆಸರಿನ ಬದಲು ಜಿಲ್ಲಾ ಸಂಕೇತ ಸಂಖ್ಯೆಯಿಂದ ಕೂಡಿಸುವುದೇ ಕ್ಷೇಮ.

ಇಷ್ಟಾದರೆ ಮುಂಗಾರು ಮಳೆಯ ಸರಾಸರಿ ನಿಮ್ಮ ಕೈಗೆ ಬಂತು. ಟೈಮ್ ಫಂಕ್ಷನ್‌ನಿಂದ ದಿನಾಂಕ ತೆಗೆದು ಜೂನ್‌ನಿಂದ ಸೆಪ್ಟೆಂಬರ್ ಪದರಗಳನ್ನು ಮಾತ್ರ ಆರಿಸಿ. ವರ್ಷಕ್ಕೆ 122 ದಿನ, ಮೂವತ್ತು ವರ್ಷಕ್ಕೆ 3,660 ಪದರ ಬರಬೇಕು. ಟ್ಯಾಪ್ ಫಂಕ್ಷನ್‌ನಲ್ಲಿ ವರ್ಷವನ್ನು ಸೂಚಿಯಾಗಿ ಕೊಟ್ಟು ಕೂಡಿಸಿದರೆ ಮೂವತ್ತು ಪದರ ಉಳಿಯುತ್ತವೆ. ಅವುಗಳಿಂದ ಜಿಲ್ಲಾವಾರು ಸರಾಸರಿ ತೆಗೆಯಿರಿ.

ಮಳೆ ದಿನಗಳ ಲೆಕ್ಕ ಮಾತ್ರ ಬೇರೆ ಜಾತಿಯದು. ಇಲ್ಲಿ ಕೆಲಸದ ಕ್ರಮ ಬದಲಾದರೆ ಉತ್ತರವೇ ಬದಲಾಗುತ್ತದೆ. ಮೊದಲು ಜಿಲ್ಲೆಯ ದಿನವಹಿ ಸರಾಸರಿ ತೆಗೆದು ಆಮೇಲೆ ಮಳೆ ದಿನ ಎಣಿಸುವುದು ಒಂದು ದಾರಿ. ಮೊದಲು ಪ್ರತಿ ಚೌಕದಲ್ಲೂ ಮಳೆ ದಿನ ಎಣಿಸಿ ಆಮೇಲೆ ಸರಾಸರಿ ತೆಗೆಯುವುದು ಇನ್ನೊಂದು. ಕೂಡಿಸಿ ನೋಡೋಣ. ನಾಲ್ಕು ಚೌಕದ ಒಂದು ಜಿಲ್ಲೆ, ಮೂರು ದಿನ. ಮೊದಲ ದಿನ 12, 0, 0, 0 ಮಿ.ಮೀ. ಎರಡನೇ ದಿನ 0, 11, 0, 1. ಮೂರನೇ ದಿನ 0, 0, 14, 0. ಒಟ್ಟು ಮಳೆ ಯಾವ ದಾರಿಯಲ್ಲಿ ಹೋದರೂ 9.5 ಮಿ.ಮೀ. ಈಗ ಮಳೆ ದಿನ. ಇಲಾಖೆಯ ಪ್ರಕಾರ 2.5 ಮಿ.ಮೀ. ಅಥವಾ ಅದಕ್ಕಿಂತ ಜಾಸ್ತಿ ಬಿದ್ದರೆ ಮಳೆ ದಿನ. ಜಿಲ್ಲೆಯ ಸರಾಸರಿ ಮೂರು ದಿನವೂ 3, 3, 3.5. ಹಾಗಾಗಿ ಮೂರೂ ಮಳೆ ದಿನ. ಚೌಕವಾರು ಎಣಿಸಿದರೆ ಮೂರು ಚೌಕಗಳಿಗೆ ಒಂದೊಂದು ದಿನ, ನಾಲ್ಕನೆಯದಕ್ಕೆ ಸೊನ್ನೆ. ಸರಾಸರಿ ಮುಕ್ಕಾಲು ದಿನ. ಮೂರಕ್ಕೂ ಮುಕ್ಕಾಲಕ್ಕೂ ನಾಲ್ಕು ಪಟ್ಟು ವ್ಯತ್ಯಾಸ, ಒಂದೇ ಡೇಟಾದಿಂದ.

ಭಾರೀ ಮಳೆಯ ಲೆಕ್ಕದಲ್ಲಿ ಇದು ತಿರುಗುಮುರುಗಾಗುತ್ತದೆ. 64.5 ಮಿ.ಮೀ. ದಾಟಿದರೆ ಭಾರೀ ಮಳೆ, 115.6 ದಾಟಿದರೆ ಅತಿ ಭಾರೀ. ಒಂದು ಚೌಕದಲ್ಲಿ 130, ಉಳಿದ ಮೂರರಲ್ಲಿ 30, 20, 20 ಬಿದ್ದರೆ ಸರಾಸರಿ 50. ಒಂದು ಕಡೆ ಗದ್ದೆ ಮುಳುಗಿದೆ, ನಿಮ್ಮ ಕೋಷ್ಟಕದಲ್ಲಿ ಭಾರೀ ಮಳೆಯೇ ಆಗಿಲ್ಲ. ಮೊದಲು ಸರಾಸರಿ ತೆಗೆದರೆ ಮಳೆ ದಿನ ಉಬ್ಬುತ್ತವೆ, ಭಾರೀ ಮಳೆ ದಿನ ಕರಗುತ್ತವೆ. ಸತತ ಒಣ ದಿನಗಳ ಲೆಕ್ಕವೂ ಹೀಗೇ ಹಾಳಾಗುತ್ತದೆ. ರೈತರಿಗೆ ಬೇಕಾಗಿರುವುದು ತಮ್ಮ ಹೊಲದಲ್ಲಿ ಎಷ್ಟು ದಿನ ಮಳೆ ಬಿತ್ತು ಎಂಬುದು. ಕೃಷಿ ಸಂಶೋಧನೆಗೆ ಚೌಕವಾರು ಎಣಿಸಿ ಆಮೇಲೆ ಸರಾಸರಿ ತೆಗೆಯುವುದೇ ಸರಿ ಎಂಬುದು ನನ್ನ ಅಭಿಪ್ರಾಯ. ಎಣಿಸುವುದು ಕಷ್ಟವೂ ಅಲ್ಲ. ರಾಸ್ಟರ್ 2.5ಕ್ಕಿಂತ ಹೆಚ್ಚು ಅಥವಾ ಸಮ ಎಂದು ಬರೆದರೆ ಹೌದು-ಇಲ್ಲ ಎಂಬ ಪದರಗಳು ಬರುತ್ತವೆ, ಅವನ್ನು ವರ್ಷವಾರು ಕೂಡಿಸಿದರೆ ಮುಗಿಯಿತು. ಯಾವ ಕ್ರಮ ಹಿಡಿದಿರಿ ಎಂದು ಪ್ರಬಂಧದ ವಿಧಾನ ವಿಭಾಗದಲ್ಲಿ ಒಂದು ವಾಕ್ಯ ಕಡ್ಡಾಯವಾಗಿ ಬರೆಯಿರಿ.

ಶೇಕಡಾ ಕೊರತೆ ಲೆಕ್ಕ ಹಾಕುವಾಗಲೂ ಇದೇ ಪ್ರಶ್ನೆ ಎದುರಾಗುತ್ತದೆ. ಚಿಕ್ಕಮಗಳೂರು ಜಿಲ್ಲೆ ತೆಗೆದುಕೊಳ್ಳಿ. ಶೃಂಗೇರಿ ಕಡೆಯ ಒಂದು ಚೌಕ, ಕಡೂರು ಕಡೆಯ ಒಂದು ಚೌಕ. ಲೆಕ್ಕಕ್ಕೆಂದು ಮಲೆನಾಡಿನದರ ವಾಡಿಕೆ ಮಳೆ 3,000, ಬಿದ್ದದ್ದು 2,400 ಎಂದಿಟ್ಟುಕೊಳ್ಳಿ. ಬಯಲಿನದರ ವಾಡಿಕೆ 400, ಬಿದ್ದದ್ದು 480. ಒಂದು ಕಡೆ ಶೇ 20 ಕೊರತೆ, ಇನ್ನೊಂದು ಕಡೆ ಶೇ 20 ಹೆಚ್ಚು. ಶೇಕಡಾಗಳ ಸರಾಸರಿ ಸೊನ್ನೆ. ಮಳೆಯನ್ನೇ ಕೂಡಿಸಿ ಶೇಕಡಾ ತೆಗೆದರೆ 3,400ಕ್ಕೆ 2,880, ಅಂದರೆ ಶೇ 15 ಕೊರತೆ. ಹೊಳೆಯಲ್ಲಿ, ಅಣೆಕಟ್ಟಿನಲ್ಲಿ ನೀರೆಷ್ಟು ಎಂದು ಕೇಳುವವರಿಗೆ ಎರಡನೆಯದು ಬೇಕು. ಬೆಳೆ ಹೇಗಿತ್ತು ಎಂದು ಕೇಳುವವರಿಗೆ ಎರಡನ್ನೂ ಬೇರೆ ಬೇರೆಯಾಗಿ ತೋರಿಸುವುದೇ ನ್ಯಾಯ. ಇಂಥ ಜಿಲ್ಲೆಗೆ ಒಂದೇ ಸಂಖ್ಯೆ ಕೊಡುವುದು ನನಗೆ ಸರಿ ಕಾಣುವುದಿಲ್ಲ.

ತಾಲ್ಲೂಕಿನ ಪ್ರಶ್ನೆಗೆ ಬರೋಣ. ತಾಂತ್ರಿಕವಾಗಿ ಆಗುತ್ತದೆ. ಎಕ್ಸ್‌ಟ್ರಾಕ್ಟ್‌ಗೆ ತಾಲ್ಲೂಕಿನ ಗಡಿ ಕೊಟ್ಟರೆ ಪ್ರತಿ ತಾಲ್ಲೂಕಿಗೂ ದಶಾಂಶ ಸಹಿತ ಒಂದು ಸಂಖ್ಯೆ ಬರುತ್ತದೆ. ಆ ಸಂಖ್ಯೆ ಎಲ್ಲಿಂದ ಬಂತು ಎಂದು ಕೇಳಿಕೊಳ್ಳಿ. ಹಲವು ತಾಲ್ಲೂಕುಗಳು ಒಂದೆರಡು ಚೌಕದಷ್ಟೇ ದೊಡ್ಡವು. ಚೌಕದ ಸಂಖ್ಯೆಯೂ ಅಳತೆ ಮಾಡಿದ್ದಲ್ಲ. ದೇಶದ ಮಳೆಮಾಪಕಗಳ ದಾಖಲೆಯಿಂದ, ಹತ್ತಿರದ ಕೇಂದ್ರಕ್ಕೆ ಹೆಚ್ಚು ತೂಕ, ದೂರದ್ದಕ್ಕೆ ಕಡಿಮೆ ತೂಕ ಕೊಡುವ ಶೆಪರ್ಡ್ ವಿಧಾನದಿಂದ ಅಂದಾಜು ಮಾಡಿದ್ದು. ಬಯಲಿನಲ್ಲಿ ಈ ಅಂದಾಜು ಚೆನ್ನಾಗಿಯೇ ಕೂರುತ್ತದೆ. ಘಟ್ಟದಲ್ಲಿ ಹಾಗಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 7 ಸಾವಿರ ಮಿ.ಮೀ. ಮಳೆ. ಅಲ್ಲಿಂದ ತೀರ್ಥಹಳ್ಳಿಗೆ ಮೂವತ್ತು ಚಿಲ್ಲರೆ ಕಿಲೋಮೀಟರ್, ಹೆಚ್ಚುಕಡಿಮೆ ಒಂದು ಚೌಕದ ಅಗಲ. ಅಷ್ಟರಲ್ಲಿ ಮಳೆ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಬೈಂದೂರಿನ ಕಡೆ ಕಡಲತೀರ, ಬಯಲು, ಘಟ್ಟದ ಬುಡ ಎಲ್ಲವೂ ಒಂದೇ ಚೌಕದೊಳಗೆ ಬರಬಹುದು. ಚೌಕದ ಸಂಖ್ಯೆ ಇವುಗಳಲ್ಲಿ ಯಾವ ಊರಿನದೂ ಅಲ್ಲ. ಡಿಸ್‌ಅಗ್ರಿಗೇಟ್ ಮಾಡಿ 0.05 ಡಿಗ್ರಿಗೆ ಒಡೆದರೆ, ಬೈಲೀನಿಯರ್ ಆಗಿ ನಯ ಮಾಡಿದರೆ ನಕ್ಷೆ ಸುಂದರವಾಗುತ್ತದೆ, ಹೊಸ ಮಾಹಿತಿ ಒಂದು ಚೂರೂ ಸೇರುವುದಿಲ್ಲ. ಹೀಗೆ ನುಣುಪು ಮಾಡಿದ ನಕ್ಷೆಯಿಂದ ತಾಲ್ಲೂಕಿನ ಬೆಳೆ ವಿಮೆಯಂಥ ತೀರ್ಮಾನಕ್ಕೆ ಯಾರೂ ಕೈಹಾಕಬಾರದು ಎಂಬುದು ನನ್ನ ಕಳಕಳಿ.

ಬಯಲುಸೀಮೆಯ ದೊಡ್ಡ ತಾಲ್ಲೂಕುಗಳಿಗೆ ಗ್ರಿಡ್ ಬಳಸಿ. ಮಲೆನಾಡು, ಕರಾವಳಿಗೆ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳ ದಾಖಲೆ ಕೇಳಿ ಪಡೆಯಿರಿ. ಅವು ಗ್ರಾಮ ಪಂಚಾಯಿತಿ ಮಟ್ಟದವರೆಗೂ ಇವೆ. ಮೂವತ್ತು ವರ್ಷದ್ದು ಸಿಗದು, ಆದರೆ ಗ್ರಿಡ್ ಎಷ್ಟು ನಂಬಬಹುದು ಎಂದು ತಾಳೆ ನೋಡಲು ಇತ್ತೀಚಿನ ವರ್ಷಗಳೇ ಸಾಕು. ಸ್ಯಾಟಲೈಟ್ ಸೇರಿಸಿ ತಯಾರಿಸಿದ ಚರ್ಪ್ಸ್ ಡೇಟಾ 0.05 ಡಿಗ್ರಿಯದು, 1981ರಿಂದ ಇದೆ. ಅದನ್ನೂ ಹೋಲಿಕೆಗೆ ಇಟ್ಟುಕೊಳ್ಳಬಹುದು.

ಹೋಲಿಸುವಾಗ ದಿನ ಅಂದರೆ ಯಾವ ದಿನ ಎಂದು ನೋಡಿಕೊಳ್ಳಿ. ನಮ್ಮ ಇಲಾಖೆಯ ಮಳೆ ದಿನ ಬೆಳಿಗ್ಗೆ 8:30ಕ್ಕೆ ಮುಗಿಯುತ್ತದೆ. ಜುಲೈ 10ರ ದಾಖಲೆ ಎಂದರೆ 9ರ ಬೆಳಿಗ್ಗೆ 8:30ರಿಂದ 10ರ ಬೆಳಿಗ್ಗೆ 8:30ರವರೆಗೆ ಬಿದ್ದ ಮಳೆ, ಬಹುಪಾಲು 9ನೇ ತಾರೀಕಿನದೇ. ಸ್ಯಾಟಲೈಟ್ ಡೇಟಾಗಳು ಸಾಮಾನ್ಯವಾಗಿ ಗ್ರೀನಿಚ್ ಸಮಯದ ದಿನ ಹಿಡಿಯುತ್ತವೆ. ಜಿಪಿಎಂ ಐಮರ್ಗ್ ಎಂಬ ಸ್ಯಾಟಲೈಟ್ ಮಳೆ ಡೇಟಾ ಅರ್ಧ ಗಂಟೆಗೊಮ್ಮೆ ಸಿಗುತ್ತದೆ, ಅದರಿಂದ 8:30ರ ದಿನವನ್ನು ನೀವೇ ಕಟ್ಟಿಕೊಳ್ಳಬಹುದು. ಹಾಗೆ ಮಾಡದೆ ದಿನಕ್ಕೆ ದಿನ ಇಟ್ಟು ಹೋಲಿಸಿದರೆ ಸಂಬಂಧವೇ ಇಲ್ಲವೇನೋ ಎಂಬಂತೆ ಕಾಣುತ್ತದೆ. ತಿಂಗಳ, ಋತುವಿನ ಮೊತ್ತಕ್ಕೆ ಇದರ ತೊಂದರೆ ಕಡಿಮೆ.

ನಿಮ್ಮ ಮೂವತ್ತು ವರ್ಷದ ಸರಾಸರಿಗೆ ಈ ಗ್ರಿಡ್ ಒಳ್ಳೆಯ ಡೇಟಾ. ಅದೇ ಉತ್ಸಾಹದಲ್ಲಿ 1901ರಿಂದಲೂ ಇಳಿಸಿಕೊಂಡು ಭಾರೀ ಮಳೆ ಹೆಚ್ಚುತ್ತಿದೆಯೇ ಎಂದು ನೋಡುವ ಮನಸ್ಸಾದರೆ ಮಾತ್ರ ಇನ್ನೊಂದು ವಿಷಯ ಗಮನಿಸಬೇಕು. ಒಟ್ಟು 6,955 ಮಳೆಮಾಪಕಗಳ ದಾಖಲೆಯಿಂದ ಇದನ್ನು ಕಟ್ಟಿದ್ದರೂ ಎಲ್ಲ ವರ್ಷ ಅಷ್ಟೂ ಇರಲಿಲ್ಲ. ಹಳೆಯ ವರ್ಷಗಳಲ್ಲಿ ಕೇಂದ್ರಗಳು ತೀರಾ ಕಡಿಮೆ. ಕೇಂದ್ರ ವಿರಳವಾಗಿದ್ದಾಗ ಚೌಕದ ಸಂಖ್ಯೆ ದೂರದೂರದ ಮಾಪಕಗಳ ಮಿಶ್ರಣವಾಗಿ ನಯವಾಗುತ್ತದೆ, ತೀವ್ರ ಮಳೆ ತಗ್ಗಿ ಕಾಣುತ್ತದೆ. ಕೇಂದ್ರ ಹೆಚ್ಚಿದಂತೆ ತೀವ್ರ ಮಳೆಯೂ ಹೆಚ್ಚಿದಂತೆ ಕಾಣಬಹುದು. ಆ ಅಧ್ಯಾಯ ಬರೆಯುವುದಾದರೆ ಗ್ರಿಡ್‌ನಿಂದ ಬಂದ ಏರಿಕೆಯನ್ನು, ದಾಖಲೆ ಕಡಿಯದೆ ಉಳಿದಿರುವ ಕೆಲವು ಹಳೆಯ ಕೇಂದ್ರಗಳ ಜೊತೆ ಒಂದೊಂದಾಗಿ ಹೋಲಿಸಿ. ಎರಡರಲ್ಲೂ ಏರಿಕೆ ಕಂಡರೆ ಮಾತ್ರ ಬರೆಯಿರಿ.